ಇಳಿಜಾರು ಸೀಲಿಂಗ್ ಅರ್ಧ ಎಲ್ಲಿ ಹೋಯ್ತು? (ಬಿಕಾಂ ಹುಡುಗಿಯ ರೆವಿಟ್ ಡೈರಿ – 7)

ನಮ್ಮ ಹೆಂಚಿನ ಮನೆಯ ಅಟ್ಟವನ್ನ ಅಮ್ಮನ ಹೊಲಿಗೆ ಕೋಣೆ ಮಾಡ್ಬೇಕು. ನಕ್ಷೆ ನಂದೇ. ಸೀಲಿಂಗ್ ನಡುವೆ 3000 ಮಿ.ಮೀ., ಸೂರಿನ ಕಡೆ 1500.

ರೆವಿಟ್‌ನ ಸೀಲಿಂಗ್ ಪ್ಲ್ಯಾನ್‌ನಲ್ಲಿ ಇದು ಅರ್ಧ ಮಾತ್ರ ಕಾಣುತ್ತೆ. ಗಾಬರಿ ಬೇಡ, ಡಿಲೀಟ್ ಆಗಿಲ್ಲ. ಈ ಪ್ಲ್ಯಾನ್ ಅಂದ್ರೆ ಮನೆಯನ್ನ ಒಂದು ಎತ್ತರದಲ್ಲಿ ಅಡ್ಡಕ್ಕೆ ಕತ್ತರಿಸಿ, ಅಲ್ಲಿಂದ ಮೇಲಕ್ಕೆ ನೋಡೋದು. ಆ ಎತ್ತರವೇ ಕಟ್ ಪ್ಲೇನ್. ಮೆಟ್ರಿಕ್ ಟೆಂಪ್ಲೇಟ್‌ನಲ್ಲಿ ಸಾಮಾನ್ಯವಾಗಿ 2300. ಅದಕ್ಕಿಂತ ತಗ್ಗಿರೋ ಭಾಗ ನೋಟಕ್ಕೆ ಸಿಗೋದೇ ಇಲ್ಲ.

ಆದ್ರೆ ಅಮ್ಮನ ತಲೆ ತಾಗೋದು ಅಲ್ಲೇ! ಆ ಜಾಗ ಕಾಣದ ನಕ್ಷೆ ಹಿಡ್ಕೊಂಡು ಎಲೆಕ್ಟ್ರಿಷಿಯನ್ ಲೈಟ್ ಎಲ್ಲಿ ಹಾಕ್ತಾರೆ?

👉 ಪ್ರಾಪರ್ಟೀಸ್ → ವ್ಯೂ ರೇಂಜ್ → ಎಡಿಟ್
👉 ಕಟ್ ಪ್ಲೇನ್ 1400ಕ್ಕೆ ಇಳಿಸಿ
👉 ಟಾಪ್, ವ್ಯೂ ಡೆಪ್ತ್ ಎರಡೂ 3000ಕ್ಕಿಂತ ಮೇಲಿರಲಿ
👉 ಒಂದೇ ಕೋಣೆಗೆ ಸಾಕಾದ್ರೆ: ವ್ಯೂ ಟ್ಯಾಬ್ → ಪ್ಲ್ಯಾನ್ ವ್ಯೂಸ್ → ಪ್ಲ್ಯಾನ್ ರೀಜನ್

ಎಷ್ಟು ಇಳಿಜಾರು ಅಂತ ತೋರಿಸೋಕೆ ಸೆಕ್ಷನ್ ವ್ಯೂ ಸಹಾಯಕ್ಕೆ ಬರುತ್ತೆ.

ನಮ್ಮ ಬ್ಯಾಲೆನ್ಸ್ ಶೀಟೂ ಹೀಗೇ, ಮಾರ್ಚ್ 31ಕ್ಕೆ ಕತ್ತರಿಸಿದ ನೋಟ. ಏಪ್ರಿಲ್ 1ಕ್ಕೆ ತಗೊಂಡ ಸಾಲ ಅದ್ರಲ್ಲಿ ಇರಲ್ಲ. ಕಂತು ಮಾತ್ರ ಕಟ್ಟಲೇಬೇಕು 😄

ಯಾರಾದ್ರೂ ನಕ್ಷೆ ಕೊಟ್ರೆ, ಎಷ್ಟು ಎತ್ತರಕ್ಕೆ ಕತ್ತರಿಸಿದ್ದು ಅಂತ ಮೊದ್ಲು ಕೇಳಿ.

#ರೆವಿಟ್‌ಕನ್ನಡ #ಹೆಂಚಿನಮನೆ #ಬಿಕಾಂಡೈರಿ