ಆಟಿಸಂ ಮನೆಗೆ ಇನ್ನೊಂದು ಆಟಿಸಂ ಮನೆ

ಆಟಿಸಂ ಇರುವ ಮಗುವಿನ ಮನೆಗೆ ಡಾಕ್ಟರಷ್ಟೇ ಬೇಕಾದವರು ಅದೇ ದಾರಿ ಸವೆಸಿದ ಇನ್ನೊಬ್ಬ ತಾಯಿ ಅಥವಾ ತಂದೆ. ದೆಹಲಿಯಲ್ಲಿ 1991ರಲ್ಲಿ ‘ಆಕ್ಷನ್ ಫಾರ್ ಆಟಿಸಂ’ ಶುರು ಮಾಡಿದ ಮೆರಿ ಬರುವಾ ಅಂಥ ತಾಯಿಯೇ. ಮಗನಿಗಾಗಿ ಕಲಿತದ್ದನ್ನು ಬೇರೆ ಮನೆಗಳಿಗೂ ಕಲಿಸಿದರು. ಇಂಥ ಪೋಷಕರಿಗೆ ಗೊತ್ತು: ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿ ಕಿರುಚುವ ಮಗು ಹಟಮಾರಿಯಲ್ಲ, ಆ ಸದ್ದು ಅದಕ್ಕೆ ನಿಜಕ್ಕೂ ತಡೆಯಲಾಗದ್ದು. ಮೊದಲು ಮಿಕ್ಸಿ ತೋರಿಸಿ, ‘ಈಗ ಹಾಕ್ತೀನಿ’ ಅಂದು, ಆಮೇಲೆ ಸ್ವಿಚ್ ಒತ್ತಿದರೆ ಎಷ್ಟೋ ಮಕ್ಕಳಿಗೆ ಹಗುರ. ಇಂಥದ್ದನ್ನೆಲ್ಲ ಔಷಧಿ ಚೀಟಿಯಲ್ಲಿ ಯಾರು ಬರೆದುಕೊಡುತ್ತಾರೆ? ‘ತಾಯಿ ಸರಿಯಾಗಿ ಬೆಳೆಸಲಿಲ್ಲ’ ಎಂಬ ನೆಂಟರ ಮಾತಿಗೆ (ಶುದ್ಧ ಸುಳ್ಳು ಅದು) ಉತ್ತರ ಗೊತ್ತಿರುವುದೂ ಇಂಥವರಿಗೇ.

ಕಾಗದಪತ್ರದ ಸುದ್ದಿಯೂ ಹೀಗೇ ಬಾಯಿಂದ ಬಾಯಿಗೆ ಬರುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಬಹುದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ಥೆರಪಿಯೂ ಸೇರಿ 1 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ ನಮ್ಮ ಕೋಲಾರದ ಹುತ್ತೂರಿನ ಕಡೆಯಿಂದ ಮಗುವನ್ನು ತೋರಿಸಲು ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋದ ಹಾಗೇ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಲ್ಲಿ ಇದನ್ನೆಲ್ಲ ದಾಟಿ ಬಂದ ಪೋಷಕರು ಯಾರಾದರೂ ಇದ್ದರೆ, ಹೊಸದಾಗಿ ಓಡಾಡುತ್ತಿರುವ ಮನೆಗೊಂದು ಫೋನ್ ಮಾಡಿ.