ಈವತ್ತು ಕೊಡಲ್ಲ ಶೆಟ್ರೇ

ಸಂತೆಗೆ ತಂದ ಮಾಲನ್ನು ಬೆಲೆ ಸಾಲದೆಂದು ಮನೆಗೆ ವಾಪಸು ಹೊತ್ತುಕೊಂಡು ಹೋಗುವ ರೈತರು ತುಮಕೂರು ಜಿಲ್ಲೆಯ ನಮ್ಮ ಹೊಳವನಹಳ್ಳಿ ಸೀಮೆಯಲ್ಲಿ ಒಂದು ಕಾಲಕ್ಕೆ ಧಾರಾಳವಾಗಿದ್ದರು. ದೊಡ್ಡ ಹಿಡುವಳಿಯವರಲ್ಲ, ಎರಡು ಎಕರೆ ಮೂರು ಎಕರೆಯವರು. ಜೇಬಲ್ಲಿ ಕಾಸಿರುತ್ತಿರಲಿಲ್ಲ, ಕಾಲಲ್ಲಿ ಚಪ್ಪಲಿ ಇರುತ್ತಿರಲಿಲ್ಲ. ಆದರೂ ವ್ಯಾಪಾರಿ ಹೇಳಿದ ರೇಟು ಕೇಳಿ ಒಂದು ಗಳಿಗೆ ಸುಮ್ಮನೆ ನಿಂತು, "ಈವತ್ತು ಕೊಡಲ್ಲ ಶೆಟ್ರೇ, ಬರೋ ಸಂತೆಗೆ ನೋಡಾನ" ಎಂದು ಚೀಲದ ಬಾಯಿ ಕಟ್ಟುತ್ತಿದ್ದರು. ಶೆಟ್ಟರಿಗೂ ಗೊತ್ತಿತ್ತು, ಇದು ಬರೀ ಬಾಯಿಮಾತಲ್ಲ, ಈ ಮನುಷ್ಯ ನಿಜವಾಗಿಯೂ ಹೋಗಿಬಿಡುತ್ತಾನೆ ಎಂದು. ಎಷ್ಟೋ ಸಲ ಅವರೇ ಎದ್ದು ಬಂದು, "ಬನ್ನಿ ಗೌಡ್ರೇ, ಇನ್ನು ನಾಕಾಣೆ ಹಿಡ್ಕಳಿ" ಎಂದು ತೋಳು ಹಿಡಿಯುತ್ತಿದ್ದರು.

ಈಗ ಆ ಮಾತು ಕೇಳಿಸುವುದಿಲ್ಲ. ಬೋರ್‌ವೆಲ್ ಸಾಲದ ಕಂತು ತಲೆಯ ಮೇಲಿರುವವನು, ನಾಳೆಗೆ ಕೊಳೆಯುವ ಟೊಮೆಟೊ ಬಾಕ್ಸುಗಳನ್ನು ಗೂಡ್ಸ್ ಆಟೊದಲ್ಲಿ ಹೇರಿಕೊಂಡು ಬಂದವನು ಯಾರಿಗೆ ತಾನೇ ಕೊಡಲ್ಲ ಎಂದಾನು? ಹರಾಜಿನಲ್ಲಿ ಎಷ್ಟು ಕೂಗಿದರೆ ಅಷ್ಟು. ಸಣ್ಣ ರೈತರು ಮಾರುಕಟ್ಟೆಯ ಜಾಣತನ ಕಲಿಯಬೇಕು ಎಂದು ಈಗ ತರಬೇತಿ ಶಿಬಿರಗಳಲ್ಲಿ ಊಟ ಹಾಕಿ ಹೇಳಿಕೊಡುತ್ತಾರೆ. ನನ್ನ ಕೇಳಿದರೆ, ಕೊಡದೆ ಕಾಯಬಲ್ಲ ಶಕ್ತಿಗಿಂತ ದೊಡ್ಡ ಜಾಣತನ ಮಾರುಕಟ್ಟೆಯಲ್ಲಿ ಇಲ್ಲ. ಆ ಶಕ್ತಿ ನಮ್ಮವರಿಗೆ ಸಿಕ್ಕಿದ್ದು ಹಳ್ಳದ ಮರಳಿನಿಂದ ಎಂದರೆ ಹೊರಗಿನವರು ನಗಬಹುದು.

ನಮ್ಮ ಸೀಮೆಯ ಹೊಳೆ ಜಯಮಂಗಲಿ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಬಡಗಲಿಗೆ ಹರಿದು, ಕೊರಟಗೆರೆ ಮಧುಗಿರಿ ತಾಲೂಕುಗಳನ್ನು ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ವರ್ಷದಲ್ಲಿ ಹೆಚ್ಚು ದಿನ ಹೊಳೆಯಲ್ಲಿ ಕಾಣುವುದು ಮರಳೇ. ಹೊಳೆಗೆ ಬಂದು ಸೇರುವ ಹಳ್ಳಕೊಳ್ಳಗಳದ್ದೂ ಅದೇ ಕತೆ. ಆದರೆ ಆ ಮರಳಿನ ಕೆಳಗೆ ನೀರಿರುತ್ತಿತ್ತು, ಅದೂ ನಾಲ್ಕೈದು ಅಡಿಯಲ್ಲಿ. ಎಲ್ಲಿ ಒರತೆ ಜೋರಾಗಿದೆಯೋ ಅಲ್ಲಿ ಗುಂಡಿ ತೋಡಿ, ಅದರ ಬಾಯಿಗೆ ಕಲ್ಲು ಜೋಡಿಸಿ, ಅಲ್ಲಿಂದ ಸಣ್ಣದೊಂದು ಕಾಲುವೆ ತೆಗೆದರೆ ನೀರು ತಾನೇ ತಗ್ಗಿನ ಗದ್ದೆಗೆ ಹರಿದುಹೋಗುತ್ತಿತ್ತು. ಯಾತ ಬೇಡ, ಕಪಿಲೆ ಬೇಡ, ಎತ್ತು ಬೇಡ, ಕರೆಂಟಂತೂ ಬೇಡವೇ ಬೇಡ. ಇದೇ ತಲಪರಿಗೆ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ಸೀಮೆಯನ್ನು ತಲಪರಿಗೆಯ ಪ್ರದೇಶವೆಂದೇ ಗುರುತಿಸಿದ್ದಾರೆ. ಆ ಗೆಜೆಟಿಯರಿನ ಪರಿಷ್ಕೃತ ಮುದ್ರಣ ಬಂದದ್ದು 1897ರಲ್ಲಿ. ಆ ಹೊತ್ತಿಗೇ ಈ ಪದ್ಧತಿಗೆ ಎಷ್ಟು ವಯಸ್ಸಾಗಿತ್ತೋ.

ವರ್ಷಕ್ಕೊಮ್ಮೆ ತಲಪರಿಗೆ ತೋಡುವ ದಿನ ಬರುತ್ತಿತ್ತು. ಹಿಂದಿನ ಸಂಜೆಯೇ ನೀರು ಹಂಚುವ ನೀರುಗಂಟಿ ಮನೆಮನೆಗೆ ಹೇಳಿ ಹೋಗಿರುತ್ತಿದ್ದ. ಅಚ್ಚುಕಟ್ಟಿನಲ್ಲಿ ಗದ್ದೆ ಇದ್ದ ಮನೆಗೆ ಒಂದಾಳು ಲೆಕ್ಕ. ಬರದಿದ್ದವನ ಸರದಿಗೆ ನೀರು ಇಲ್ಲ. ಬೆಳಗ್ಗೆ ಗುಂಡಿಯ ಪಕ್ಕದಲ್ಲಿ ಮೂರು ಕಲ್ಲಿಟ್ಟು ಗಂಗಮ್ಮನಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಗಂಡಸರು ಮಂಡಿಯವರೆಗೆ ಇಳಿದು ಸನಿಕೆಯಲ್ಲಿ ಕೆಸರು ಎತ್ತುತ್ತಿದ್ದರು. ಮೊದಲು ಬರುವ ನೀರು ಕಪ್ಪಗೆ, ಆಮೇಲೆ ಬೂದಿ ಬಣ್ಣ. ಕೊನೆಗೆ ತಳದ ಬಿಳಿ ಮರಳು ಸಣ್ಣಗೆ ಕುಣಿಯುವುದು ಕಂಡರೆ "ಕಣ್ಣು ಬಿಡ್ತು" ಎಂದು ಯಾರಾದರೂ ಕೂಗುತ್ತಿದ್ದರು. ಹುಡುಗರಾದ ನಮಗೆ ಆ ಕುಣಿಯುವ ಮರಳಿನ ಮೇಲೆ ಅಂಗಾಲು ಇಟ್ಟು ಕಚಗುಳಿ ಅನುಭವಿಸುವುದೇ ಹಬ್ಬ. ರಾತ್ರಿಯಿಡೀ ಬಂದ ನೀರು ಕೆಳಗಿನ ಕಟ್ಟೆಯಲ್ಲಿ ನಿಲ್ಲುತ್ತಿತ್ತು. ಮುಂಜಾನೆ ನೀರುಗಂಟಿ ತೂಬು ಎತ್ತಿದರೆ ಇವತ್ತು ಯಾರ ಗದ್ದೆಗೆ, ಎಷ್ಟು ಹೊತ್ತು ಎಂಬುದರಲ್ಲಿ ತಕರಾರಿಲ್ಲ. ತಕರಾರು ಇರಲೇ ಇಲ್ಲ ಎಂದಲ್ಲ, ರಾತ್ರಿ ಕದ್ದು ಮಡೆ ತಿರುಗಿಸುವವರು ಎಲ್ಲ ಊರಲ್ಲೂ ಇದ್ದರು. ಆದರೆ ಎಷ್ಟು ನೀರಿದೆ ಎಂಬುದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ನೆಲದೊಳಗೆ ಸಾವಿರ ಅಡಿ ಕೆಳಗಿನ ನೀರಿಗೆ ಇಂಥ ಲೆಕ್ಕ ಹಾಕುವವರು ಯಾರು?

ನೀರು ಅಷ್ಟೇ ಇದ್ದದ್ದರಿಂದ ಬೆಳೆಯೂ ಅದರ ಅಳತೆಗೇ ಇರುತ್ತಿತ್ತು. ಒದ್ದೆ ನೆಲದಲ್ಲಿ ಒಂದಿಷ್ಟು ಭತ್ತ, ಅದಕ್ಕೆ ತುಳಿಸಲು ಹೊಂಗೆ ಸೊಪ್ಪು. ಉಳಿದ ಹೊಲವೆಲ್ಲ ಮಳೆ ನಂಬಿದ ರಾಗಿ, ರಾಗಿಯ ನಡುವೆ ಅಕ್ಕಡಿ ಸಾಲು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಬದುವಿನ ಮೇಲೆ ಹರಳು. ಇದನ್ನು ಪರಿಸರಸ್ನೇಹಿ ಮಿಶ್ರಬೆಳೆ ಎಂದು ಈಗ ಹೊಗಳುತ್ತಾರೆ. ಹೊಗಳಲಿ, ತಪ್ಪೇನಿಲ್ಲ. ಆದರೆ ಅದು ವ್ಯಾಪಾರದ ಉಪಾಯವೂ ಆಗಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಹುಚ್ಚೆಳ್ಳು ಮೊದಲು ಕೈಗೆ ಬರುತ್ತಿತ್ತು, ಆಮೇಲೆ ರಾಗಿ, ಧನುರ್ಮಾಸದ ಚಳಿಗೆ ಸೊಗಡಿನ ಅವರೆಕಾಯಿ, ಸಂಕ್ರಾಂತಿ ಆಚೆಗೆ ತೊಗರಿ. ಮಾಘ ಫಾಲ್ಗುಣದಲ್ಲಿ ಹುಣಸೆ ಬಡಿಯುವ ಕೆಲಸ. ಬೇಸಿಗೆಯಲ್ಲಿ ಹೆಂಗಸರು ಮಕ್ಕಳು ಹೊಂಗೆ ಬೀಜ ಆಯ್ದರೆ ಗಾಣದವನು ಕೊಳ್ಳುತ್ತಿದ್ದ, ಮಳೆ ಹಿಡಿದ ಮೇಲೆ ಬೇವಿನ ಬೀಜ. ಮಾರಲು ಏನೂ ಇಲ್ಲದ ತಿಂಗಳು ಅಪರೂಪ. ಎಲ್ಲವನ್ನೂ ಒಟ್ಟಿಗೆ ಮಾರಲೇಬೇಕಾದ ತಿಂಗಳಂತೂ ಇರಲೇ ಇಲ್ಲ. ಒಂದು ಬಿದ್ದರೆ ಇನ್ನೊಂದು ಕೈ ಹಿಡಿಯುತ್ತಿತ್ತು. ಗೊಬ್ಬರ ಮನೆಯ ತಿಪ್ಪೆಯದು, ಇಲ್ಲವೇ ನಾಲ್ಕು ರಾತ್ರಿ ಹೊಲದಲ್ಲಿ ನಿಂತ ಕುರುಬರ ಮಂದೆಯದು, ಅದಕ್ಕೆ ಬದಲಾಗಿ ಕೊಡುತ್ತಿದ್ದದ್ದು ರಾಗಿ. ಬೀಜ ಅಜ್ಜಿಯ ಗುಡಾಣದ್ದು, ಬೂದಿ ಬೆರೆಸಿ ಇಟ್ಟದ್ದು. ಬಿತ್ತನೆಗೆ ಸಾಲ ಮಾಡದವನು ಕೊಯ್ಲಿನ ದಿನವೇ ಮಾರಬೇಕಾಗಿಲ್ಲ, ಗುಟ್ಟು ಅಷ್ಟೇ.

ಕಾಯುವುದಕ್ಕೆ ಇನ್ನೊಂದು ಆಸರೆ ಹಗೇವು. ಗಟ್ಟಿ ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಬಾಯಿ ಮಾತ್ರ ಒಬ್ಬ ಇಳಿಯುವಷ್ಟು. ಸುತ್ತ ರಾಗಿ ಹುಲ್ಲು ಒತ್ತಿ, ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಹುಳ ಹತ್ತುವುದಿಲ್ಲ, ವರ್ಷಗಟ್ಟಲೆ ಕೆಡುವುದಿಲ್ಲ. ತೆಗೆಯುವ ದಿನ ಮಾತ್ರ ಅವಸರ ಮಾಡುವಂತಿರಲಿಲ್ಲ. ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟು, ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇನ್ನೂ ಇಳಿಯಬೇಡ ಎಂದರ್ಥ. ಹಾಗೆ ತಿಳಿಯದೆ ಇಳಿದು ಸತ್ತವರ ಕತೆಯನ್ನು ದೊಡ್ಡವರು ಪ್ರತಿ ಸಲವೂ ಹೇಳುತ್ತಿದ್ದರು. ಮೇಲಕ್ಕೆ ಬಂದ ರಾಗಿಗೆ ಒಂದು ಮುಗ್ಗಲು ವಾಸನೆ, ಬಿಸಿಲಿಗೆ ಹರಡಿದರೆ ಹೋಗುತ್ತಿತ್ತು. ಉಗ್ರಾಣ, ಶೀತಲಗೃಹ, ಅಡಮಾನ ಸಾಲ ಎಂದು ಇವತ್ತು ಏನೇನು ಹೇಳುತ್ತೇವೋ ಅದರ ಮೂಲ ಆ ಗುಂಡಿಯಲ್ಲಿತ್ತು. ಮನೆಗೆ ಎರಡು ವರ್ಷದ ಹಿಟ್ಟು ನೆಲದಡಿ ಇದೆ ಎಂದು ಗೊತ್ತಿದ್ದವನ ಬಾಯಲ್ಲೇ "ಈವತ್ತು ಕೊಡಲ್ಲ" ಎಂಬ ಮಾತು ಬರುತ್ತಿತ್ತು.

ಆ ಕಾಲ ಎಲ್ಲರಿಗೂ ಸುಖದ್ದಾಗಿತ್ತು ಎನ್ನುವವರನ್ನು ನಾನು ನಂಬುವುದಿಲ್ಲ. ತಲಪರಿಗೆಯಡಿ ಗದ್ದೆ ಇದ್ದವರು ಊರಿನಲ್ಲಿ ಕೆಲವರೇ. ಕೆಸರು ಎತ್ತುವ ಆಳಾಗಿ ಬಂದವರಿಗೆಲ್ಲ ಅಕ್ಕಿ ಅನ್ನ ಸಿಗುತ್ತಿತ್ತೆಂದೇನೂ ಇಲ್ಲ. ಊರ ಕಾಲುವೆ ಕಾದ ನೀರುಗಂಟಿಗೆ ಸಿಗುತ್ತಿದ್ದದ್ದು ಕಣದಲ್ಲಿ ಅಳೆದು ಹಾಕಿದ ಆಯ, ಅದೂ ಒಂದೊಂದು ಮನೆಯವರ ಮುಖ ನೋಡಿಕೊಂಡು. ಬರ ಬಂದರೆ ಹಗೇವೂ ಬರಿದಾಗುತ್ತಿತ್ತು. ಅದನ್ನೆಲ್ಲ ಕಳೆದು ನೋಡಿದರೂ ಸಣ್ಣ ಹಿಡುವಳಿಯವನ ಕೈಯಲ್ಲಿ ಒಂದಿಷ್ಟು ಬಲವಿತ್ತು, ಅದು ಹೋಯಿತು.

ಹೋದದ್ದು ಒಂದೇ ದಿನದಲ್ಲಲ್ಲ. 1990ರ ದಶಕದ ಆರಂಭದಲ್ಲಿ ಬಂಗಾರಪ್ಪನವರ ಸರ್ಕಾರ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಕೊಟ್ಟಿತು. ಬಡವನಿಗೆ ಉಪಕಾರವೇ. ಆದರೆ ನೀರಿಗೆ ಇದ್ದ ಕಣ್ಣಳತೆ ಅಲ್ಲಿಗೆ ಮುಗಿಯಿತು. ಬೋರುಗಳು ನೂರಿನ್ನೂರು ಅಡಿಯಿಂದ ಸಾವಿರ ಅಡಿಗೆ ಇಳಿದವು. ಕೊರಟಗೆರೆ, ಮಧುಗಿರಿ ತಾಲೂಕುಗಳು ಅಂತರ್ಜಲ ಅತಿಬಳಕೆಯ ಪಟ್ಟಿ ಸೇರಿದವು. ಅದೇ ಹೊತ್ತಿಗೆ ಬೆಂಗಳೂರು ಬೆಳೆಯಿತು, ಬೆಳೆಯಲು ಮರಳು ಬೇಕಾಯಿತು. ರಾತ್ರಿ ಲಾರಿಗಳು ಜಯಮಂಗಲಿಯ ಪಾತ್ರಕ್ಕೆ ಇಳಿದವು. ನೀರನ್ನು ಹಿಡಿದಿಟ್ಟು ಸೋಸಿ ಕೊಡುತ್ತಿದ್ದ ಮರಳೇ ಹೋದ ಮೇಲೆ ಒರತೆ ಎಲ್ಲಿಂದ ಏಳಬೇಕು? ತಲಪರಿಗೆಯ ಬಾಯಿಗೆ ಜಾಲಿ ಬೆಳೆಯಿತು, ಕಾಲುವೆಯ ಜಾಗವನ್ನು ಅಕ್ಕಪಕ್ಕದವರು ಉತ್ತುಕೊಂಡರು. ಹಗೇವುಗಳನ್ನು ಮನೆ ಕಟ್ಟುವಾಗ ಮಣ್ಣು ತುಂಬಿ ಮುಚ್ಚಿದರು.

ಈಗಿನ ಬೇಸಾಯದಲ್ಲಿ ದುಡ್ಡಿಲ್ಲ ಎಂದಲ್ಲ. ಬೋರು ಕೈಕೊಡದ ಅಡಿಕೆ ತೋಟದವನು ಕಾರು ಇಟ್ಟಿದ್ದಾನೆ. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಇತ್ತು, ಅದಕ್ಕೆ ಹಿಂದೆಂದೂ ಅಷ್ಟು ಇರಲಿಲ್ಲ. ತಮಾಷೆ ಏನೆಂದರೆ, ಕಣದಿಂದಲೇ ಖರೀದಿ ಕೇಂದ್ರಕ್ಕೆ ರಾಗಿ ಸಾಗಿಸಿ ಸರದಿಯಲ್ಲಿ ನಿಂತು ಬಂದವನೇ ಆಮೇಲೆ ರೇಷನ್ ಅಂಗಡಿಯಲ್ಲಿ ರಾಗಿಗಾಗಿ ಇನ್ನೊಂದು ಸರದಿಯಲ್ಲಿ ನಿಲ್ಲುತ್ತಾನೆ. ಮನೆಯಲ್ಲಿ ಇಟ್ಟುಕೊಳ್ಳಲು ಜಾಗವಿಲ್ಲ, ಇಟ್ಟುಕೊಳ್ಳುವಷ್ಟು ದಿನ ಸಾಲದವನು ಬಿಡುವುದಿಲ್ಲ.

ಕೊರಲೆ ಎಂಬ ಕಿರುಧಾನ್ಯದ ಕತೆ ಇನ್ನೂ ವಿಚಿತ್ರ. ಹುಣಸೆ ಮರದ ನೆರಳಲ್ಲಿ ಬೇರೆ ಪೈರು ಏಳುವುದು ಕಷ್ಟ, ಕೊರಲೆ ಏಳುತ್ತದೆ. ಮಧುಗಿರಿ, ಪಾವಗಡ, ಸಿರಾ ಕಡೆಯ ಬಡವರು ಅದನ್ನು ಬಿತ್ತಿಕೊಂಡು ಅನ್ನ ಮಾಡಿ ಉಣ್ಣುತ್ತಿದ್ದರು, ನೆಂಟರ ಮುಂದೆ ಬಡಿಸಲು ನಾಚುತ್ತಿದ್ದರು. ಸಿರಿಧಾನ್ಯದ ಗಾಳಿ ಬೀಸಿದ ಮೇಲೆ ಅದೇ ಕೊರಲೆ ಬೆಂಗಳೂರಿನ ಅಂಗಡಿಗಳಲ್ಲಿ ಅಂದದ ಪೊಟ್ಟಣದಲ್ಲಿ ಕೂತಿತು. ಲಾಭ ಬೆಳೆದವನಿಗೆ ಬಂತೆ? ಕೊರಲೆಯ ಸಿಪ್ಪೆ ಬಿಡಿಸುವುದು ಕಷ್ಟದ ಕೆಲಸ. ಅದನ್ನು ಬೀಸಿ, ಕುಟ್ಟಿ, ಕೇರುವ ಹದ ಗೊತ್ತಿದ್ದ ಹೆಂಗಸರು ಒಬ್ಬೊಬ್ಬರೇ ಹೋದರು, ಬೀಸುವ ಕಲ್ಲು ಹಿತ್ತಿಲು ಸೇರಿತು. ಮಿಲ್ಲು ಇರುವುದು ಬೇರೆಯವರ ಊರಲ್ಲಿ. ಹಾಗಾಗಿ ನಮ್ಮವನು ಸಿಪ್ಪೆ ಸಮೇತ ಮಾರುತ್ತಾನೆ, ಅಕ್ಕಿ ಮಾಡಿದವನು ದುಡ್ಡು ಮಾಡುತ್ತಾನೆ. ಹುಣಸೆಯಲ್ಲೂ ಅದೇ. ಹೂವು ಕಟ್ಟುವಾಗಲೇ ಮರವನ್ನು ಚೇಣಿಗೆ ಕೊಟ್ಟು ಮುಂಗಡ ತಿಂದವನಿಗೆ ತುಮಕೂರು ಮಂಡಿಯ ರೇಟು ಏರಿದರೇನು, ಇಳಿದರೇನು?

ಅಪವಾದಗಳಿವೆ. ಗುಬ್ಬಿ ತಾಲೂಕಿನ ಚೇಳೂರಿನಲ್ಲಿ ರೈತರೊಬ್ಬರ ಹೊಲದ ಒಂದೇ ಒಂದು ಹಲಸಿನ ಮರವನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಗುರುತಿಸಿ, ಆ ರೈತರ ತಂದೆಯ ಹೆಸರಿನಲ್ಲೇ 'ಸಿದ್ದು' ತಳಿಯೆಂದು ಸಸಿ ಮಾಡಿ ಮಾರಿದರು. ಮಾರಾಟದ ಪಾಲು ಮರದ ಒಡೆಯನಿಗೂ ಸಂದಿತು. ತಳಿ ಉಳಿಸಿಕೊಂಡವನಿಗೆ ಬೆಲೆ ಸಿಕ್ಕ ಇಂಥ ಉದಾಹರಣೆ ಇನ್ನೂ ಹತ್ತು ಇರಬೇಕಿತ್ತು.

ಪಾವಗಡದವರು ಬೇರೆ ದಾರಿ ಹಿಡಿದರು. ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ ಹೊಲದ ಮೇಲೆ ಈಗ ಸೋಲಾರ್ ಫಲಕಗಳಿವೆ, 2,050 ಮೆಗಾವ್ಯಾಟ್. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಗೊತ್ತಾಯಿತು. ಮಳೆ ನಂಬಿ ಕಡಲೆಕಾಯಿ ಹಾಕಿ ಕೈ ಸುಟ್ಟುಕೊಂಡವರು ಒಪ್ಪಿದ್ದನ್ನು ನಾನು ತಪ್ಪೆನ್ನಲಾರೆ. ಆದರೆ ಹೊಲವೇ ಇಲ್ಲದ ಕೂಲಿಯವರಿಗೆ ಬಾಡಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ.

ನಮ್ಮ ಕಡೆಗೆ ಎತ್ತಿನಹೊಳೆ ಯೋಜನೆಯ ನೀರು ಬರುತ್ತದೆ ಎನ್ನುತ್ತಾರೆ. ಸಕಲೇಶಪುರದಲ್ಲಿ ಅದರ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಆ ನೀರು ನಿಲ್ಲಿಸಲು ಕೊರಟಗೆರೆ ತಾಲೂಕಿನ ಬೈರಗೊಂಡ್ಲು ಬಳಿ ಜಲಾಶಯವೆಂದು ಹೇಳಿ, ಮುಳುಗುವ ಜಮೀನಿಗೆ ಪರಿಹಾರದ ಹಣ ಕೊರಟಗೆರೆಯವರಿಗೊಂದು, ದೊಡ್ಡಬಳ್ಳಾಪುರದವರಿಗೊಂದು ಎಂಬ ಜಗಳದಲ್ಲೇ ವರ್ಷಗಳು ಕಳೆದವು. ಬರಲಿ, ಬೇಡ ಎನ್ನುವವನು ನಾನಲ್ಲ. ಆದರೆ 2022ರ ಮಳೆಗಾಲದಲ್ಲಿ ಜಯಮಂಗಲಿ ದಡ ಮೀರಿ ಹರಿದಾಗ, ಅಷ್ಟು ನೀರನ್ನು ಹಿಡಿದುಕೊಳ್ಳಲು ಹೊಳೆಯಲ್ಲಿ ಮರಳಿರಲಿಲ್ಲ. ಬಂದ ನೀರು ಬಂದ ಹಾಗೆಯೇ ಹೋಯಿತು. ದೂರದ ಘಟ್ಟದಿಂದ ನೀರು ತರುವ ಮೊದಲು ಕಾಲ ಕೆಳಗಿನದನ್ನು ನೋಡಬಹುದಿತ್ತು.

ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಅಂಥವರು ಊರೂರು ಸುತ್ತಿ ತಲಪರಿಗೆಗಳನ್ನು ದಾಖಲಿಸುವ ಕೆಲಸ ಮಾಡಿದ್ದಾರೆ. ಒಬ್ಬಿಬ್ಬರಿಂದ ಮುಗಿಯುವ ಕೆಲಸವಲ್ಲ ಅದು. ನಿಮ್ಮೂರ ಹಳ್ಳದಲ್ಲೋ ಕೆರೆಯಂಗಳದಲ್ಲೋ ತಲಪರಿಗೆ ಇತ್ತು ಎಂದು ಹೇಳುವ ಹಿರಿಯರು ಇನ್ನೂ ಬದುಕಿದ್ದರೆ, ಮುಂದಿನ ಮಳೆಗೆ ಮುಂಚೆ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಜಾಗ ತೋರಿಸಿಕೊಳ್ಳಿ. ಸರ್ವೆ ನಂಬರು ಬರೆದುಕೊಳ್ಳಿ. ಪಂಚಾಯಿತಿಯ ಕ್ರಿಯಾಯೋಜನೆಗೆ ಹೂಳೆತ್ತುವ ಕೆಲಸ ಸೇರಿಸಿ ಎಂದು ಗ್ರಾಮಸಭೆಯಲ್ಲಿ ಕೇಳುವಾಗ ಅದನ್ನೇ ಮೊದಲು ಕೇಳುತ್ತಾರೆ.