ಥೇಮ್ಸ್ ದಂಡೆಯ ಬಿಲಗಳು

ಮೆಟ್ಟಿಲ ಮೇಲೆ ಪಾಚಿಯಿದೆ, ನಿಧಾನವಾಗಿ ಇಳಿಯಿರಿ. ಇದು ಪಶ್ಚಿಮ ಲಂಡನ್ನಿನ ಚಿಸ್ವಿಕ್. ಅಕ್ಟೋಬರಿನ ಸಂಜೆ. ಕಡಲು ಇಳಿದಿದೆ, ಅದರ ಹಿಂದೆಯೇ ಥೇಮ್ಸ್ ನದಿಯೂ ಇಳಿದಿದೆ. ಮಧ್ಯಾಹ್ನ ನೀರು ನಿಂತಿದ್ದ ಕಡೆ ಈಗ ಬರೀ ಕೆಸರು, ಕಲ್ಲು, ಹೆಂಚಿನ ಚೂರು. ಎದುರಿಗಿರುವ ಪುಟ್ಟ ನಡುಗಡ್ಡೆಯೇ ಚಿಸ್ವಿಕ್ ಐಟ್. ನೀರಿಳಿದಾಗ ಮಾತ್ರ ಅಲ್ಲಿಗೆ ನಡೆದು ಹೋಗಬಹುದು. ಬನ್ನಿ, ಉಬ್ಬರ ಶುರುವಾಗುವುದರೊಳಗೆ ಹೋಗಿ ಬಂದುಬಿಡೋಣ.

ನಡುಗಡ್ಡೆಯ ದಂಡೆಯ ಹತ್ತಿರ ಬಗ್ಗಿ ನೋಡಿ. ಮಣ್ಣಿನ ಗೋಡೆಯ ತುಂಬ ತೂತು. ಎರಡು ಬೆರಳು ಹೋಗುವಷ್ಟು ಅಗಲ, ಒಂದರ ಪಕ್ಕ ಇನ್ನೊಂದು. ಒಳಗೆ ಬಿಲ ಕೆಳಮುಖವಾಗಿ ಸಾಗುತ್ತದೆ. ನದಿ ಇಳಿದರೂ ತಳದಲ್ಲಿ ಒಂದಿಷ್ಟು ನೀರು ಉಳಿಯಲೆಂದು ಮರಿ ಏಡಿಗಳು ಮಾಡಿಕೊಂಡ ಉಪಾಯ ಅದು. ಎರಡು ಬಿಲಗಳ ನಡುವಿನ ಮಣ್ಣನ್ನು ಹೆಬ್ಬೆರಳಿನಿಂದ ಒತ್ತಿ. ಕುಸಿಯಿತಲ್ಲ? ಉಬ್ಬರ ಬಂದು ಹೋದಾಗಲೆಲ್ಲ ಇದೇ ಆಗುತ್ತದೆ. ಒಂದು ಕಾಲಕ್ಕೆ ಬುಟ್ಟಿ ಹೆಣೆಯಲು ಇಲ್ಲಿ ಬೆಳೆಸುತ್ತಿದ್ದ ವಿಲೋ ಗಿಡಗಳ ಬೇರುಗಳು ಈಗ ಗಾಳಿಯಲ್ಲಿ ಜೋತಾಡುತ್ತಿವೆ.

ಶ್! ಆ ಕಲ್ಲಿನ ಬುಡದಲ್ಲಿ ಏನೋ ಅಲುಗಿತು.

ಅಂಗೈಯಗಲದ ಕಂದು ಚಿಪ್ಪು, ಉದ್ದುದ್ದ ಕಾಲು. ಕೊಂಬುಗಳ ಸುತ್ತ ಒದ್ದೆ ಉಣ್ಣೆಯಂಥ ದಟ್ಟ ಕೂದಲು, ಕೈಗವಸು ತೊಟ್ಟ ಹಾಗೆ. ಅದಕ್ಕೇ ಇಂಗ್ಲಿಷಿನಲ್ಲಿ ಇದಕ್ಕೆ ಮಿಟನ್ ಕ್ರ್ಯಾಬ್ ಎಂದು ಹೆಸರು. ಮುಟ್ಟಬೇಡಿ, ಫೋಟೊ ತೆಗೆದುಕೊಳ್ಳಿ. ಎಲ್ಲೆಲ್ಲಿ ಹರಡಿದೆಯೆಂದು ದಾಖಲಿಸುವವರಿಗೆ ಅದು ಬೇಕಾಗುತ್ತದೆ.

ಇದರ ತವರು ಚೀನಾ. ಯುರೋಪಿನಲ್ಲಿ ಮೊದಲು ಸಿಕ್ಕಿದ್ದು 1912ರಲ್ಲಿ, ಜರ್ಮನಿಯ ಆಲರ್ ನದಿಯಲ್ಲಿ. ಈ ಥೇಮ್ಸ್‌ನಲ್ಲಿ 1935ರಲ್ಲಿ, ಇಲ್ಲಿಂದ ಕೆಳಗೆ ಚೆಲ್ಸಿಯ ಲಾಟ್ಸ್ ರೋಡ್ ವಿದ್ಯುತ್ ಸ್ಥಾವರದ ಬಳಿ. 1990ರ ದಶಕದಲ್ಲಿ ಸಂಖ್ಯೆ ಏರಿತು. ತೂಕ ಸರಿದೂಗಿಸಲು ಹಡಗುಗಳು ಒಂದು ಬಂದರಿನಲ್ಲಿ ನೀರು ತುಂಬಿಕೊಂಡು ಇನ್ನೊಂದರಲ್ಲಿ ಚೆಲ್ಲುತ್ತವೆ. ಆ ನೀರಿನಲ್ಲೇ ಇದರ ಮರಿಗಳು ಬಂದವೆಂದು ವಿಜ್ಞಾನಿಗಳು ನಂಬುತ್ತಾರೆ.

ನೋಡಿ, ಅದು ಕಡಲಿನ ದಿಕ್ಕಿಗೇ ಹೊರಟಿದೆ. ಸಿಹಿನೀರಿನಲ್ಲಿ ವರ್ಷಗಟ್ಟಲೆ ಬೆಳೆದರೂ ಮೊಟ್ಟೆಯಿಡಲು ಉಪ್ಪುನೀರೇ ಬೇಕು. ಒಂದು ಹೆಣ್ಣು 2.5 ಲಕ್ಷದಿಂದ 10 ಲಕ್ಷದವರೆಗೆ ಮೊಟ್ಟೆ ಹೊರುತ್ತದೆ. ಆಮೇಲೆ ಅದರ ಆಯಸ್ಸು ಮುಗಿಯುತ್ತದೆ. ಮರಿಗಳು ಮತ್ತೆ ನದಿ ಹತ್ತುತ್ತವೆ. ಅಡ್ಡಗಟ್ಟೆ ಎದುರಾದರೆ ನೆಲದ ಮೇಲೆ ನಡೆದು ದಾಟುತ್ತವೆ.

ಮಲೆನಾಡಿನ ಗದ್ದೆಯ ಬದುವಿನಲ್ಲೂ ಏಡಿ ಬಿಲ ತೋಡುತ್ತದೆ. ಬೆಳಿಗ್ಗೆ ನಾವು ಮಣ್ಣು ಮೆತ್ತಿ ಮುಚ್ಚುತ್ತೇವೆ. ಆದರೆ ಅದು ಆ ನೆಲದ ಜೀವ. ಕೊಕ್ಕರೆಗೂ ನೀರುನಾಯಿಗೂ ಅದರ ಗುರುತಿದೆ. ಈ ದಂಡೆಗೆ ಅಂಥ ಹಳೆಯ ಪರಿಚಯವಿಲ್ಲ. ಹಾಗೆಂದು ಏಡಿಯನ್ನು ದೂರಲಾರೆ. ಅದು ತನ್ನ ಹುಟ್ಟುಗುಣದಂತೆ ಬದುಕುತ್ತಿದೆ. ಬಾಗಿಲು ತೆರೆದವರು ನಾವು. ಹಡಗಿನ ನೀರನ್ನು ಶುದ್ಧಿ ಮಾಡಿಯೇ ಹೊರಬಿಡಬೇಕೆಂಬ ನಿಯಮದತ್ತ ಕೊಂಡೊಯ್ದ ಅಂತಾರಾಷ್ಟ್ರೀಯ ಒಪ್ಪಂದ ಜಾರಿಯಾದದ್ದು 2017ರಲ್ಲಿ. ಅಷ್ಟರಲ್ಲಿ ಇವು ಯುರೋಪಿಗೆ ಬಂದು ಶತಮಾನವೇ ಕಳೆದಿತ್ತು.

ನೀರು ಏರುತ್ತಿದೆ. ಕೆಳಸಾಲಿನ ಬಿಲಗಳಿಂದ ಗುಳ್ಳೆ ಏಳುತ್ತಿವೆ. ಹೊರಡೋಣ. ಬೂಟಿನ ಕೆಸರನ್ನು ಇಲ್ಲೇ ತೊಳೆದುಕೊಳ್ಳಿ, ಮನೆಯಲ್ಲಿ ಚೆನ್ನಾಗಿ ಒಣಗಿಸಿ. ಈ ನದಿಯ ಯಾವ ಜೀವವೂ ನಮ್ಮ ಕಾಲಿಗಂಟಿಕೊಂಡು ಇನ್ನೊಂದು ನದಿಗೆ ಹೋಗದಿರಲಿ.